ಬೀಜ ತನ್ನಿ, ಪುಡಿ ಮನೆಯಲ್ಲೇ ಆಗಲಿ

ಹೆಬ್ಬಾಳದ ಮೇಲ್ಸೇತುವೆ ದಾಟಿ ಬಳ್ಳಾರಿ ರಸ್ತೆಯಲ್ಲಿ ಯಲಹಂಕದ ಕಡೆಗೆ ಹೊರಟರೆ ಬಲಕ್ಕೆ ಕೆಂಪಾಪುರ. ಕಾಲೇಜುಗಳು, ಪಿ.ಜಿ.ಗಳು, ಅಪಾರ್ಟ್‌ಮೆಂಟುಗಳು ಒತ್ತೊತ್ತಾಗಿ ನಿಂತ ಈ ಊರಿನೊಳಗೆ ಒಂದು ಬಡಾವಣೆಯ ಹೆಸರು ಕಾಫಿ ಬೋರ್ಡ್ ಲೇಔಟ್. ಆಟೊದವರಿಗೆ, ಕೊರಿಯರ್ ಹುಡುಗರಿಗೆ ಅದೊಂದು ವಿಳಾಸ. ಕಾಫಿ ಪ್ರಿಯರಿಗೆ ಮಾತ್ರ ಆ ಹೆಸರು ಕಿವಿಗೆ ಬಿದ್ದ ಕೂಡಲೇ ಒಂದು ವೈರುಧ್ಯ ನೆನಪಾಗುತ್ತದೆ. ದೇಶದ ಕಾಫಿಯಲ್ಲಿ ಶೇ 70ರಷ್ಟನ್ನು ಬೆಳೆಯುವುದು ಕರ್ನಾಟಕ. ಆ ಬೆಳೆಯ ವ್ಯವಹಾರವನ್ನೆಲ್ಲ ದಶಕಗಳ ಕಾಲ ಕೈಯಲ್ಲಿ ಹಿಡಿದಿದ್ದ ಕಾಫಿ ಮಂಡಳಿಯ ಕಚೇರಿ ಇಲ್ಲಿಂದ ಹತ್ತು ಕಿಲೊಮೀಟರ್ ಆಸುಪಾಸಿನಲ್ಲಿ, ವಿಧಾನಸೌಧದ ಹತ್ತಿರ ಅಂಬೇಡ್ಕರ್ ವೀಧಿಯಲ್ಲಿದೆ. ಹೀಗಿದ್ದೂ ನಮ್ಮ ಬಹುಪಾಲು ಅಡುಗೆಮನೆಗಳಲ್ಲಿ ಬೆಳಿಗ್ಗೆ ಫಿಲ್ಟರಿಗೆ ಬೀಳುವುದು ಎಲ್ಲೋ ಹುರಿದು, ಎಂದೋ ಪುಡಿಯಾಗಿ, ಪ್ಯಾಕೆಟ್ಟಿನಲ್ಲಿ ಬಂದ ಕಾಫಿ. ಯಾವ ಬೀಜ, ಎಷ್ಟು ಹುರಿಯಬೇಕು, ಚಿಕೋರಿ ಎಷ್ಟು, ಪುಡಿ ಎಷ್ಟು ನುಣ್ಣಗಿರಬೇಕು ಎನ್ನುವುದನ್ನೆಲ್ಲ ಇನ್ನಾರೋ ತೀರ್ಮಾನಿಸಿರುತ್ತಾರೆ. ನಮಗೆ ಉಳಿಯುವುದು ಸಕ್ಕರೆ ಎಷ್ಟು ಚಮಚ ಎಂಬ ತೀರ್ಮಾನ ಮಾತ್ರ.

ಇದನ್ನು ಬದಲಿಸುವುದು ಕಷ್ಟವಲ್ಲ, ದುಬಾರಿಯೂ ಅಲ್ಲ. ಈ ಲೇಖನ ಬರೆಯುತ್ತಿರುವುದೇ ಅದನ್ನು ಹೇಳಲಿಕ್ಕೆ.

ಮೊದಲು ಸ್ವಲ್ಪ ಹಿಂದಿನ ಮಾತು. ಹದಿನೇಳನೇ ಶತಮಾನದಲ್ಲಿ ಬಾಬಾ ಬುಡನ್ ಯೆಮನ್ನಿನ ಮೋಕಾದಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಕತೆ ಎಲ್ಲರಿಗೂ ಗೊತ್ತು. ಅಷ್ಟಾಗಿ ಗೊತ್ತಿಲ್ಲದ್ದು, ಕಾಫಿ ನಮ್ಮ ಮನೆಗಳ ಒಳಗೆ ಬಂದ ಬಗೆ. 1930ರ ದಶಕದಲ್ಲಿ ಬೆಲೆ ಕುಸಿದು ಬೆಳೆಗಾರರು ಕಂಗಾಲಾಗಿದ್ದಾಗ ದೇಶದೊಳಗೇ ಕಾಫಿ ಕುಡಿಯುವವರನ್ನು ಹೆಚ್ಚಿಸಬೇಕೆಂದು ಕಾಫಿ ಸೆಸ್ ಸಮಿತಿ ಹುಟ್ಟಿತು. ಮೊದಲ ಇಂಡಿಯಾ ಕಾಫಿ ಹೌಸ್ 1936ರಲ್ಲಿ ಮುಂಬೈಯ ಚರ್ಚ್‌ಗೇಟಿನಲ್ಲಿ ಬಾಗಿಲು ತೆರೆದದ್ದು ಹಾಗೆ. ಮಹಾಯುದ್ಧ ಶುರುವಾಗಿ ಯುರೋಪಿನ ಮಾರುಕಟ್ಟೆ ಮುಚ್ಚಿಕೊಂಡಾಗ, 1942ರ ಕಾಯ್ದೆಯಡಿ ಕಾಫಿ ಮಂಡಳಿ ಬಲವಾಗಿ ನೆಲೆ ನಿಂತಿತು. ಬೆಳೆಗಾರ ಬೆಳೆದದ್ದನ್ನೆಲ್ಲ ಮಂಡಳಿಯ ‘ಪೂಲ್’ಗೆ ಹಾಕಬೇಕು, ಮಂಡಳಿ ಹರಾಜು ಹಾಕಿ ಮಾರಬೇಕು ಎಂಬ ವ್ಯವಸ್ಥೆ. 1992ರ ನಂತರ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಅದು ಪೂರ್ತಿ ಕೊನೆಗೊಂಡಿತು. ಈಗ ಬೆಳೆಗಾರ ತನ್ನ ಕಾಫಿಯನ್ನು ಯಾರಿಗೆ ಬೇಕಾದರೂ ಮಾರಬಹುದು. ಸಕಲೇಶಪುರದ ತೋಟದವರೊಬ್ಬರು ತಮ್ಮದೇ ಬೀಜ ಹುರಿದು ಕೆಂಪಾಪುರದ ಮನೆಗೆ ಅಂಚೆಯಲ್ಲಿ ಕಳಿಸಬಹುದು. ಪೂಲ್ ಕಾಲದಲ್ಲಿ ಸಾಧ್ಯವೇ ಇಲ್ಲದಿದ್ದ ಸೌಕರ್ಯ ಇದು. ನಾವು ಅದನ್ನು ಸಾಕಷ್ಟು ಬಳಸಿಕೊಂಡಿಲ್ಲ ಎಂಬುದೇ ನನ್ನ ಬೇಸರ.

ಬೀಜ ತಂದು ಮನೆಯಲ್ಲೇ ಹುರಿಯುವುದು, ಪುಡಿ ಮಾಡುವುದು ಹೊಸ ಷೋಕಿ ಎಂದು ತಿಳಿದವರಿದ್ದಾರೆ. ಅದು ನಮ್ಮ ಹಳೆಯ ರೂಢಿ. ಬಸವನಗುಡಿ, ಮಲ್ಲೇಶ್ವರ, ಮೈಸೂರಿನ ಅಗ್ರಹಾರಗಳ ಮನೆಗಳಲ್ಲಿ ಬಾಗಿಲ ಪಕ್ಕದ ಮೇಜಿಗೋ ಕಿಟಕಿಯ ಹಲಗೆಗೋ ತಿರುಪು ಹಾಕಿ ಬಿಗಿದ ಎರಕದ ಕಬ್ಬಿಣದ ಕಾಫಿ ಮಿಷನ್ ಇರುತ್ತಿತ್ತು. ಇಂಗ್ಲೆಂಡಿನ ಸ್ಪಾಂಗ್ ಕಂಪನಿಯದು ಅವುಗಳಲ್ಲಿ ಹೆಸರುವಾಸಿ. ಮೇಲಿನ ಬಟ್ಟಲಿಗೆ ಬೀಜ ಸುರಿದು ಹಿಡಿ ತಿರುಗಿಸುವ ಕೆಲಸ ಮನೆಯ ಮಕ್ಕಳದು. ಇದ್ದಿಲ ಒಲೆಯ ಮೇಲೆ ಕಬ್ಬಿಣದ ಉರುಳೆ ತಿರುಗಿಸಿ ಬೀಜ ಹುರಿದ ದಿನ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಆಮೇಲೆ ಕಾಫಿ ಪುಡಿ ಅಂಗಡಿಗಳು ಬಂದವು. ಅಲ್ಲೂ ಮನೆಯ ಹದಕ್ಕೆ ಬೆಲೆ ಇತ್ತು. ‘ನಿಮ್ಮ ಮನೇದು ಪೀಬೆರಿ ಅರ್ಧ, ರೋಬಸ್ಟಾ ಅರ್ಧ, ಚಿಕೋರಿ ಕಡಿಮೆ, ಅಲ್ವಾ?’ ಎಂದು ಅಂಗಡಿಯವರೇ ನೆನಪಿಟ್ಟುಕೊಂಡು ಕಣ್ಣೆದುರಿಗೆ ಬೀಸಿ ಬಿಸಿಬಿಸಿ ಪೊಟ್ಟಣ ಕೈಗಿಡುತ್ತಿದ್ದರು. ಇಂಥ ಅಂಗಡಿಗಳು ಆರ್.ಟಿ. ನಗರ, ಯಶವಂತಪುರ, ಯಲಹಂಕದ ಕಡೆ ಈಗಲೂ ಅಲ್ಲಲ್ಲಿ ಉಳಿದಿವೆ. ಹೊಸ ಬಡಾವಣೆಗಳಲ್ಲಿ ಅವುಗಳ ಜಾಗಕ್ಕೆ ಸೂಪರ್ ಮಾರ್ಕೆಟ್ಟಿನ ಕಪಾಟು ಬಂದಿದೆ.

ಪ್ಯಾಕೆಟ್ಟಿನಲ್ಲಿ ಕಳೆದುಹೋಗುವುದು ಏನು? ಘಮ. ಹುರಿದ ಬೀಜದೊಳಗೆ ಇಂಗಾಲದ ಡೈ ಆಕ್ಸೈಡ್ ಅನಿಲ ಸೇರಿಕೊಂಡಿರುತ್ತದೆ. ಬೀಜ ಇಡಿಯಾಗಿರುವಷ್ಟು ಕಾಲ ಅದು ನಿಧಾನವಾಗಿ ಹೊರಬರುತ್ತಾ ಒಳಗಿನ ಎಣ್ಣೆ ಮತ್ತು ಸುವಾಸನೆಯ ಅಂಶಗಳನ್ನು ಕಾಯುತ್ತದೆ. ಪುಡಿ ಮಾಡಿದ ಕ್ಷಣ ಸಾವಿರಾರು ಮೈಗಳು ಗಾಳಿಗೆ ತೆರೆದುಕೊಳ್ಳುತ್ತವೆ. ಘಮ ಹಾರಿಹೋಗುತ್ತದೆ, ಎಣ್ಣೆ ಗಾಳಿಯ ಆಮ್ಲಜನಕಕ್ಕೆ ಸಿಕ್ಕಿ ಕೆಡಲು ಶುರುವಾಗುತ್ತದೆ. ಚೆನ್ನಾಗಿ ಮುಚ್ಚಿಟ್ಟ ಬೀಜ ಕೆಲವು ವಾರ ಹದದಲ್ಲಿರುತ್ತದೆ. ಪುಡಿಯ ಘಮ ಇಳಿಯಲು ದಿನಗಳು ಸಾಕು. ಹೊಸದೋ ಹಳೆಯದೋ ನೋಡಲು ಸುಲಭದ ಪರೀಕ್ಷೆ ಇದೆ. ಫಿಲ್ಟರಿಗೆ ಪುಡಿ ಹಾಕಿ ನೆನೆಯುವಷ್ಟು ಮಾತ್ರ ಬಿಸಿನೀರು ಬಿಡಿ. ಪುಡಿ ಉಬ್ಬಿ ಗುಳ್ಳೆ ಎದ್ದರೆ ಹೊಸದು. ಕೆಸರಿನಂತೆ ತಣ್ಣಗೆ ಕೂತರೆ ಅದರ ಕಾಲ ಮುಗಿದಿದೆ.

ಅಂಗಡಿಯಲ್ಲಿ ಏನು ಕೇಳಬೇಕು? ‘ಪ್ಲಾಂಟೇಷನ್ ಎ’ ಎಂದರೆ ತಿರುಳು ತೆಗೆದು, ತೊಳೆದು ಒಣಗಿಸಿದ ಅರೇಬಿಕಾದಲ್ಲಿ ಜರಡಿಯ ಮೇಲೆ ನಿಲ್ಲುವ ದಪ್ಪ ಬೀಜ. ಬಿ, ಸಿ ಎಂದರೆ ಅದಕ್ಕಿಂತ ಸಣ್ಣವು. ಹಣ್ಣಿನೊಳಗೆ ಎರಡು ಚಪ್ಪಟೆ ಬೀಜದ ಬದಲು ಒಂದೇ ದುಂಡನೆಯ ಬೀಜ ಕಟ್ಟಿದರೆ ಅದು ಪೀಬೆರಿ. ದುಂಡಗಿರುವುದರಿಂದ ಉರುಳಿ ಉರುಳಿ ಸಮನಾಗಿ ಹುರಿಯುತ್ತದೆ. ಪೀಬೆರಿ ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ಹೆಚ್ಚು ದುಡ್ಡು ಕೊಡುವವರಿದ್ದಾರೆ. ಹಳೆಯ ಪೀಬೆರಿಗಿಂತ ಮೊನ್ನೆ ಹುರಿದ ಪ್ಲಾಂಟೇಷನ್ ಬಿ ಎಷ್ಟೋ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನು ಊರಿನ ಗುಣ. ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ ಮೂರರ ಅರೇಬಿಕಾಕ್ಕೂ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಬಾಳೆಹೊನ್ನೂರಿನಲ್ಲಿ 1925ರಿಂದ ನಡೆದುಬಂದ ಸಂಶೋಧನಾ ಕೇಂದ್ರದ ಎಸ್. 795 ತಳಿ ಈಗಲೂ ನಮ್ಮ ತೋಟಗಳ ಹೆಮ್ಮೆ. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಲೇ ಬರೆದ ತೇಜಸ್ವಿಯವರ ಪುಸ್ತಕಗಳಿಂದ ನಾವು ಮಲೆನಾಡಿನ ಮಳೆ, ಕಾಡು, ಜನರನ್ನೆಲ್ಲ ಬಲ್ಲೆವು. ಆ ನೆಲದ ಬೀಜವನ್ನೂ ಅಷ್ಟೇ ಬಲ್ಲವರಾಗಬಾರದೇಕೆ?

ರೋಬಸ್ಟಾ ಎಂದರೆ ಕೀಳು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಾಲು ಹಾಕದೆ ಕುಡಿಯುವವರಿಗೆ ಅರೇಬಿಕಾದ ನವಿರು, ಅದರ ತೆಳು ಹುಳಿ, ಹೂವಿನಂಥ ಘಮ ಬೇಕು. ನಮ್ಮದು ಹಾಲಿನ ಕಾಫಿ. ಬರೀ ಅರೇಬಿಕಾದ ಡಿಕಾಕ್ಷನ್ ಹಾಲಿನಲ್ಲಿ ಮುಳುಗಿಹೋಗುತ್ತದೆ. ಮುಕ್ಕಾಲು ಪಾಲು ಅರೇಬಿಕಾಕ್ಕೆ ಕಾಲು ಪಾಲು ಒಳ್ಳೆಯ, ತೊಳೆದ ರೋಬಸ್ಟಾ ಸೇರಿಸಿ ನೋಡಿ. ಬಾಯಿ ತುಂಬುವ ಗಟ್ಟಿತನ ಬರುತ್ತದೆ, ಹಾಲಿನ ಸಿಹಿಗೆ ಎದುರು ನಿಲ್ಲುವ ಕಹಿಯೂ ಬರುತ್ತದೆ. ಒಂದೇ ಎಚ್ಚರಿಕೆ: ರೋಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಹೆಚ್ಚುಕಮ್ಮಿ ಎರಡರಷ್ಟು. ನಿದ್ದೆ ಬಾರದ ಹಿರಿಯರಿರುವ ಮನೆಯಲ್ಲಿ ಸಂಜೆಯ ಕಾಫಿಗೆ ಬೇರೆ ಪುಡಿ ಇಡುವುದು ಲೇಸು.

ಚಿಕೋರಿಯ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಅದು ಕಾಫಿಯಲ್ಲ, ಒಂದು ಗಿಡದ ಬೇರು. ನಮ್ಮ ದೇಶದಲ್ಲಿ ಮುಖ್ಯವಾಗಿ ಗುಜರಾತ್ ಮತ್ತು ಉತ್ತರ ಪ್ರದೇಶದಲ್ಲಿ ಬೆಳೆಯುತ್ತಾರೆ. ಬೇರನ್ನು ಕತ್ತರಿಸಿ, ಒಣಗಿಸಿ, ಹುರಿದು ಪುಡಿ ಮಾಡುತ್ತಾರೆ. ನೆಪೋಲಿಯನ್ನನ ಕಾಲದಲ್ಲಿ ಹಡಗುಗಳ ದಿಗ್ಬಂಧನದಿಂದ ಕಾಫಿ ಸಿಗದಾದಾಗ ಫ್ರಾನ್ಸಿನಲ್ಲಿ ಅದರ ಬಳಕೆ ಹಬ್ಬಿತು. ಅದರಲ್ಲಿ ಕೆಫೀನ್ ಇಲ್ಲ. ಹುರಿದ ಕಾಫಿಯ ತೂಕದಲ್ಲಿ ನೀರಿಗೆ ಇಳಿಯಬಲ್ಲ ಅಂಶ ಶೇ 30ರ ಆಸುಪಾಸು. ಚಿಕೋರಿಯಲ್ಲಿ ಅರ್ಧಕ್ಕಿಂತ ಹೆಚ್ಚು. ಅದಕ್ಕೇ ಚಿಕೋರಿ ಬೆರೆತ ಪುಡಿಯ ಡಿಕಾಕ್ಷನ್ ಕಪ್ಪಗೆ, ಮಂದವಾಗಿ ಇಳಿಯುತ್ತದೆ, ಸ್ವಲ್ಪ ಪುಡಿಯೂ ಹೆಚ್ಚು ಲೋಟಕ್ಕೆ ಬರುತ್ತದೆ. ಬಣ್ಣ ನೋಡಿ ‘ಸ್ಟ್ರಾಂಗ್ ಕಾಫಿ’ ಎಂದು ಮೆಚ್ಚುವಾಗ ನಾವು ಮೆಚ್ಚುತ್ತಿರುವುದು ಎಷ್ಟೋ ಸಲ ಬೇರಿನ ಬಣ್ಣವನ್ನು.

ಹಾಗೆಂದು ಚಿಕೋರಿ ಕುಡಿಯುವವರ ನಾಲಿಗೆ ತಪ್ಪು ಎನ್ನುವ ಹಕ್ಕು ಯಾರಿಗೂ ಇಲ್ಲ. ಹತ್ತಿಪ್ಪತ್ತು ಪಾಲು ಚಿಕೋರಿಯ ಕಾಫಿಯಲ್ಲೇ ಬೆಳೆದವರಿಗೆ ಅದಿಲ್ಲದ ಕಾಫಿ ಸಪ್ಪೆ ಎನಿಸುವುದು ಸಹಜ. ನನ್ನ ತಕರಾರು ಇಷ್ಟೇ: ಎಷ್ಟು ಕುಡಿಯುತ್ತಿದ್ದೇವೆ ಎಂಬುದು ಗೊತ್ತಿರಬೇಕು. ಕಾನೂನಿನ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಕೂಡದು, ಎರಡರ ಪ್ರಮಾಣವನ್ನೂ ಪ್ಯಾಕೆಟ್ಟಿನ ಮೇಲೆ ಬರೆಯಬೇಕು. ನಿಮ್ಮ ಮನೆಯ ಡಬ್ಬಿಯ ಪ್ಯಾಕೆಟ್ಟನ್ನು ಈಗಲೇ ತಿರುಗಿಸಿ ಓದಿ. 53–47 ಎಂದಿದ್ದರೆ ಕಾಫಿಯ ಹೆಸರಿನಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಬೇರು ಮನೆಗೆ ಬಂದಿದೆ. ಚಿಕೋರಿ ಬೇಕೇ ಬೇಕೆನ್ನುವವರು ಅದನ್ನು ಬೇರೆಯಾಗಿ ತಂದು, ಕಾಫಿಯನ್ನು ಬೇರೆ ಪುಡಿ ಮಾಡಿ, ಫಿಲ್ಟರಿಗೆ ಹಾಕುವಾಗ ಚಮಚದಲ್ಲಿ ಅಳೆದು ಬೆರೆಸಿಕೊಳ್ಳಲಿ. ಅಳತೆ ಮನೆಯವರ ಕೈಯಲ್ಲಿರುತ್ತದೆ, ಬೇಕಾದಾಗ ಇಳಿಸಬಹುದು, ಏರಿಸಬಹುದು.

ಈಗ ಪುಡಿ ಮಾಡುವ ಕೆಲಸ. ಎಲ್ಲದಕ್ಕಿಂತ ಹೆಚ್ಚು ರುಚಿ ಬದಲಿಸುವುದೂ ಇದೇ, ನಾವು ಎಲ್ಲಕ್ಕಿಂತ ಕಡಿಮೆ ಗಮನ ಕೊಟ್ಟಿರುವುದೂ ಇದಕ್ಕೇ. ಪುಡಿ ತರಿತರಿಯಾಗಿದ್ದರೆ ನೀರು ಸರಸರನೆ ಇಳಿದುಹೋಗುತ್ತದೆ. ಡಿಕಾಕ್ಷನ್ ತೆಳ್ಳಗೆ, ಹುಳಿಹುಳಿಯಾಗಿರುತ್ತದೆ. ಮೈದಾದಷ್ಟು ನುಣ್ಣಗಿದ್ದರೆ ಫಿಲ್ಟರಿನ ತೂತು ಕಟ್ಟಿಕೊಂಡು ಗಂಟೆ ಕಳೆದರೂ ಇಳಿಯುವುದಿಲ್ಲ. ಇಳಿದದ್ದು ಒಗರಾಗಿ ನಾಲಿಗೆ ಎಳೆಯುತ್ತದೆ. ನಮ್ಮ ಸ್ಟೀಲ್ ಫಿಲ್ಟರಿಗೆ ಬೇಕಾದದ್ದು ಇವೆರಡರ ನಡುವೆ, ನುಣುಪಿನ ಕಡೆಗೆ ಸ್ವಲ್ಪ ವಾಲಿದ ಪುಡಿ. ಬೆರಳುಗಳ ನಡುವೆ ಉಜ್ಜಿದರೆ ಸಣ್ಣ ರವೆಗಿಂತ ನುಣುಪು, ಆದರೆ ಕಣ ಕೈಗೆ ಹತ್ತಬೇಕು.

ಕಣದ ಗಾತ್ರಕ್ಕಿಂತಲೂ ಮುಖ್ಯ, ಎಲ್ಲ ಕಣವೂ ಒಂದೇ ಗಾತ್ರದಲ್ಲಿರುವುದು. ಮಿಕ್ಸಿ ಸೋಲುವುದು ಇಲ್ಲೇ. ಅದರ ಬ್ಲೇಡು ಬೀಜವನ್ನು ಚಚ್ಚುತ್ತದೆ, ಅರೆಯುವುದಿಲ್ಲ. ಜಾರಿನ ಕೆಳಗೆ ಹಿಟ್ಟು, ಮೇಲೆ ನುಚ್ಚು. ಹಿಟ್ಟಿನಿಂದ ಕಹಿ, ನುಚ್ಚಿನಿಂದ ಹುಳಿ, ಎರಡೂ ಒಂದೇ ಲೋಟದಲ್ಲಿ. ಅರೆಯುವ ಮಿಷನ್ನಿನಲ್ಲಿ ಹಲ್ಲಿರುವ ಎರಡು ಚಕ್ರಗಳ ನಡುವಿನ ಸಂದಿಯೇ ಅಳತೆ. ಆ ಸಂದಿಗಿಂತ ದಪ್ಪಗಿನ ಚೂರು ಕೆಳಗೆ ಬೀಳಲಾರದು. ತಿರುಪು ಅರ್ಧ ಸುತ್ತು ಬಿಗಿದರೆ ಪುಡಿ ನುಣ್ಣಗಾಗುತ್ತದೆ, ಸಡಿಲಿಸಿದರೆ ತರಿಯಾಗುತ್ತದೆ. ಅಂಗೈಯಲ್ಲಿ ಹಿಡಿದು ತಿರುಗಿಸುವ ಸಣ್ಣ ಮಿಷನ್ನುಗಳು ಈಗ ಸುಲಭವಾಗಿ ಸಿಗುತ್ತವೆ. ಅಜ್ಜಿಯ ಕಾಲದ ಎರಕದ ಮಿಷನ್ ಅಟ್ಟದಲ್ಲಿದ್ದರೆ ಇಳಿಸಿ. ಹಲ್ಲು ಸವೆದಿರದಿದ್ದರೆ ಒಣ ಅಕ್ಕಿ ಒಂದು ಹಿಡಿ ಹಾಕಿ ತಿರುಗಿಸಿದರೆ ಹಳೆಯ ಎಣ್ಣೆ, ಧೂಳು ಬಿಡುತ್ತದೆ. ಬ್ರಷ್ಷಿನಿಂದ ಒರೆಸಿ, ಮೊದಲ ಹಿಡಿ ಕಾಫಿ ಪುಡಿಯನ್ನು ಗಿಡದ ಬುಡಕ್ಕೆ ಹಾಕಿ, ಆಮೇಲೆ ಬಳಸಿ.

ಮಿಷನ್ ಇಲ್ಲ, ಮಿಕ್ಸಿಯೊಂದೇ ಇದೆ ಎನ್ನುವವರು ಹಿಂಜರಿಯಬೇಕಿಲ್ಲ. ಮಸಾಲೆ ಅರೆಯುವ ಜಾರನ್ನು ಮುಟ್ಟಬೇಡಿ. ಕೊತ್ತಂಬರಿ, ಜೀರಿಗೆಯ ವಾಸನೆ ಎಷ್ಟು ತೊಳೆದರೂ ಕಾಫಿಗೆ ಹತ್ತುತ್ತದೆ. ಸಣ್ಣ ಜಾರೊಂದನ್ನು ಕಾಫಿಗೆಂದೇ ಇಟ್ಟುಕೊಳ್ಳಿ. ಒಂದೇ ಸಮನೆ ಓಡಿಸಿದರೆ ಬ್ಲೇಡು ಕಾದು ಪುಡಿ ಬಿಸಿಯಾಗಿ ಘಮ ಅಲ್ಲೇ ಹೋಗುತ್ತದೆ. ಎರಡೆರಡು ಸೆಕೆಂಡು ಓಡಿಸಿ, ನಿಲ್ಲಿಸಿ, ಜಾರು ಅಲ್ಲಾಡಿಸಿ, ಮತ್ತೆ ಓಡಿಸಿ. ಕೊನೆಗೆ ಟೀ ಸೋಸುವ ಜರಡಿಯಲ್ಲಿ ಹಾಯಿಸಿ, ಮೇಲೆ ನಿಂತ ನುಚ್ಚನ್ನು ಇನ್ನೊಮ್ಮೆ ಪುಡಿ ಮಾಡಿ. ಹೀಗೆ ಮಾಡಿದ ಪುಡಿಯೂ ತಿಂಗಳು ಹಳೆಯ ಪ್ಯಾಕೆಟ್ಟಿಗಿಂತ ಮೇಲೇ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗುವವರು ಹಸಿ ಬೀಜ ತಂದು ಮನೆಯಲ್ಲೇ ಹುರಿಯಬಹುದು. ದಪ್ಪ ತಳದ ಕಬ್ಬಿಣದ ಬಾಣಲೆ, ಮಧ್ಯಮ ಉರಿ, ಬಿಡದೆ ಕೈಯಾಡಿಸುವ ತಾಳ್ಮೆ ಸಾಕು. ಹಸಿರು ಬೀಜ ಮೊದಲು ಹುಲ್ಲಿನ ವಾಸನೆ ಬಿಡುತ್ತದೆ, ಹಳದಿಗೆ ತಿರುಗಿ ಬ್ರೆಡ್ಡಿನ ವಾಸನೆ ಬರುತ್ತದೆ, ಕಂದಾಗುತ್ತಾ ಚಟಚಟ ಸಿಡಿಯುತ್ತದೆ. ಸಿಡಿತ ನಿಂತು ಸ್ವಲ್ಪ ಹೊತ್ತಿಗೆ ಇಳಿಸಿದರೆ ಹಾಲಿನ ಕಾಫಿಗೆ ಹೇಳಿ ಮಾಡಿಸಿದ ಹದ. ಎಣ್ಣೆ ಮಿನುಗಿ ಕಪ್ಪಾಗುವವರೆಗೆ ಬಿಟ್ಟರೆ ಯಾವ ತೋಟದ ಬೀಜವೂ ಒಂದೇ ರುಚಿ, ಸುಟ್ಟ ರುಚಿ. ತಕ್ಷಣ ಮೊರಕ್ಕೆ ಸುರಿದು ಕೇರಿ. ತಣ್ಣಗೂ ಆಗುತ್ತದೆ, ಬೆಳ್ಳಿ ಬಣ್ಣದ ಸಿಪ್ಪೆಯೂ ಹಾರುತ್ತದೆ. ತೂಕದಲ್ಲಿ ಶೇ 15ರಷ್ಟಾದರೂ ಇಳಿಯುತ್ತದೆ, ಗಾಬರಿಯಾಗಬೇಡಿ. ಒಂದೆರಡು ದಿನ ಅನಿಲ ಹೋಗಲು ಬಿಟ್ಟು ಪುಡಿ ಮಾಡಿ. ಅಪಾರ್ಟ್‌ಮೆಂಟಿನವರು ಕಿಟಕಿಗಳನ್ನೆಲ್ಲ ತೆರೆದಿಟ್ಟೇ ಶುರು ಮಾಡಬೇಕು, ಹೊಗೆ ಬಹಳ.

ಫಿಲ್ಟರಿಗೆ ಬಂದರೆ, ಚಮಚದ ಲೆಕ್ಕಕ್ಕಿಂತ ತಕ್ಕಡಿಯ ಲೆಕ್ಕ ನಂಬಿಕಸ್ಥ. 30 ಗ್ರಾಂ ಪುಡಿಗೆ 200 ಮಿಲಿ ನೀರು ಹಾಕಿ ನೋಡಿ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದುಕೊಳ್ಳುವುದರಿಂದ ಇಳಿಯುವ ಡಿಕಾಕ್ಷನ್ ಸುಮಾರು 140 ಮಿಲಿ. ಮೂರು ನಾಲ್ಕು ಲೋಟಕ್ಕೆ ಧಾರಾಳ. ಹಿಡಿಯಿರುವ ತೂತಿನ ಬಿಲ್ಲೆಯನ್ನು ಪುಡಿಯ ಮೇಲೆ ಹಗುರವಾಗಿ ಕೂರಿಸಿ, ಅದುಮಬೇಡಿ. ಕುದಿ ಬಂದ ನೀರನ್ನು ಅರ್ಧ ನಿಮಿಷ ಬಿಟ್ಟು, ಮೊದಲು ನೆನೆಯುವಷ್ಟು, ಪುಡಿ ಉಬ್ಬಿ ಇಳಿದ ಮೇಲೆ ಉಳಿದದ್ದು. ಹತ್ತರಿಂದ ಇಪ್ಪತ್ತು ನಿಮಿಷದಲ್ಲಿ ಇಳಿದರೆ ಪುಡಿ ಹದವಾಗಿದೆ. ಬೇಗ ಇಳಿದರೆ ನಾಳೆ ತಿರುಪು ಬಿಗಿಯಿರಿ, ತಡವಾದರೆ ಸಡಿಲಿಸಿ. ಎರಡನೇ ಡಿಕಾಕ್ಷನ್ನನ್ನು ನಾನು ಶಿಫಾರಸು ಮಾಡುವುದಿಲ್ಲ. ಮೊದಲನೆಯದರಲ್ಲಿ ರುಚಿ ಇಳಿದಿದ್ದರೆ ಎರಡನೆಯದರಲ್ಲಿ ಉಳಿಯುವುದು ಕಹಿ. ತಣ್ಣಗಾದ ಡಿಕಾಕ್ಷನ್ನನ್ನು ಒಲೆಯ ಮೇಲಿಡದೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಬೆಚ್ಚಗೆ ಮಾಡಿ. ತೂತು ಕಟ್ಟಿದ ಸ್ಟೀಲ್ ಫಿಲ್ಟರಿನ ಮೇಲಿನ ಪಾತ್ರೆಯನ್ನು ಗ್ಯಾಸ್ ಉರಿಗೆ ಹಿಡಿದು ಒಳಗಿನ ಕಸ ಸುಟ್ಟು, ಆರಿದ ಮೇಲೆ ಬ್ರಷ್ಷಿನಿಂದ ಉಜ್ಜುವ ಹಳೆಯ ಉಪಾಯ ಈಗಲೂ ಒಳ್ಳೆಯದೇ.

ಉತ್ತರ ಬೆಂಗಳೂರಿನಲ್ಲಿ ನೀರಿನ ಮಾತಾಡದೆ ಕಾಫಿಯ ಮಾತು ಮುಗಿಯದು. ಬೋರ್‌ವೆಲ್, ಟ್ಯಾಂಕರ್ ನೀರು ಗಡಸು. ಅದರಲ್ಲಿರುವ ಕಾರ್ಬನೇಟುಗಳು ಕಾಫಿಯ ಹುಳಿಯನ್ನು ನುಂಗಿ ರುಚಿಯನ್ನು ಮಂಕು ಮಾಡುತ್ತವೆ. ಲವಣವನ್ನೆಲ್ಲ ತೆಗೆದುಹಾಕುವ ಯಂತ್ರದ ನೀರಿನಲ್ಲಿ ಅದೇ ಕಾಫಿ ಪೇಲವ. ಕಾವೇರಿ ನೀರು ಬರುವ ಮನೆಯವರು ಅದನ್ನೇ ಸೋಸಿ ಬಳಸಲಿ. ಇಲ್ಲದವರು ಯಂತ್ರದ ನೀರಿಗೆ ಸ್ವಲ್ಪ ಸಾಮಾನ್ಯ ಕುಡಿಯುವ ನೀರು ಬೆರೆಸಿ ನೋಡಲಿ. ಹಾಲಿಗೆ ನಮಗೆ ಕೊರತೆಯಿಲ್ಲ, ಯಲಹಂಕದಲ್ಲೇ ಮದರ್ ಡೈರಿ ಇದೆ. ನಂದಿನಿ ನೀಲಿ ಪ್ಯಾಕೆಟ್ಟಿನಲ್ಲಿ ಕೊಬ್ಬು ಶೇ 3, ಶುಭಂನಲ್ಲಿ 4.5. ಗಟ್ಟಿ ಹಾಲು ಕಹಿಯನ್ನು ಮೃದು ಮಾಡುತ್ತದೆ, ಘಮವನ್ನೂ ಮುಚ್ಚುತ್ತದೆ. ಒಳ್ಳೆಯ ಬೀಜ ತಂದ ವಾರ ನೀಲಿ ಪ್ಯಾಕೆಟ್ಟೇ ಸಾಕು. ನೀರು ಬೆರೆಸದ ಹಾಲನ್ನು ಆಗಷ್ಟೇ ಕಾಯಿಸಿ ಹಾಕಬೇಕು. ಮತ್ತೆ ಮತ್ತೆ ಕುದಿಸಿದ ಹಾಲಿನ ಕೆನೆವಾಸನೆ ಎಂಥ ಡಿಕಾಕ್ಷನ್ನನ್ನೂ ಕೆಡಿಸುತ್ತದೆ.

ಫಿಲ್ಟರೊಂದೇ ದಾರಿ ಎಂದೂ ಅಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಕುದಿಯುವ ನೀರಿಗೆ ಬೆಲ್ಲ, ಪುಡಿ ಹಾಕಿ ಮುಚ್ಚಿಟ್ಟು ಬಟ್ಟೆಯಲ್ಲಿ ಸೋಸುತ್ತಾರೆ. ಆ ಬೆಲ್ಲದ ಕಾಫಿಗೆ ಪುಡಿ ತರಿಯಾಗಿರಬೇಕು. ಫಿಲ್ಟರ್ ಪುಡಿ ಹಾಕಿದರೆ ಲೋಟದ ತಳದಲ್ಲಿ ಗಸಿ. ಮನೆಯಲ್ಲೇ ಪುಡಿ ಮಾಡುವವರಿಗೆ ಇದು ಸಲೀಸು. ಬೆಳಿಗ್ಗೆ ಫಿಲ್ಟರಿಗೆ ಒಂದು ಹದ, ಮಳೆಯ ಸಂಜೆ ಬೆಲ್ಲದ ಕಾಫಿಗೆ ಇನ್ನೊಂದು, ಒಂದೇ ಡಬ್ಬಿಯ ಬೀಜದಿಂದ.

ರುಚಿಯನ್ನು ಹುಡುಕುವಾಗ ಒಂದು ಶಿಸ್ತು ಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಇವತ್ತು ಪುಡಿಯ ಹದ ಬದಲಿಸಿದರೆ ಬೀಜ, ನೀರು, ಹಾಲು ನಿನ್ನೆಯದ್ದೇ ಇರಲಿ. ಅಡುಗೆಮನೆಯ ಕ್ಯಾಲೆಂಡರಿನ ಚೌಕದಲ್ಲೇ ‘ಹುಳಿ’, ‘ಒಗರು’, ‘ಸರಿ’ ಎಂದು ಗುರುತು ಹಾಕಿ. ಅಪ್ಪನಿಗೆ ಕಹಿ ಮುಂದಿರಬೇಕು, ಮಗಳಿಗೆ ಘಮ ಸಾಕು ಎಂದಾದರೆ ಎರಡು ಸಣ್ಣ ಫಿಲ್ಟರ್ ಇಟ್ಟುಕೊಳ್ಳುವುದರಲ್ಲಿ ತಪ್ಪೇನಿಲ್ಲ. ಕಲಿಯಬೇಕೆನ್ನುವವರಿಗೆ ಕಾಫಿ ಮಂಡಳಿಯೇ ‘ಕಾಪಿ ಶಾಸ್ತ್ರ’ ಎಂಬ ತರಬೇತಿ ನಡೆಸುತ್ತಾ ಬಂದಿದೆ, ಹುರಿಯುವುದು, ರುಚಿ ನೋಡುವುದನ್ನೆಲ್ಲ ಅಲ್ಲಿ ಹೇಳಿಕೊಡುತ್ತಾರೆ.

ಬೆಲೆಯ ಮಾತು ಉಳಿದಿದೆ. 2025ರ ಫೆಬ್ರುವರಿಯಲ್ಲಿ ಅರೇಬಿಕಾದ ಅಂತರರಾಷ್ಟ್ರೀಯ ಬೆಲೆ ಹಿಂದೆಂದೂ ಇಲ್ಲದ ಎತ್ತರ ಮುಟ್ಟಿತು, ಅದರ ಬಿಸಿ ನಮ್ಮ ಹೋಟೆಲಿನ ಲೋಟಕ್ಕೂ ತಟ್ಟಿತು. ಕಾಫಿ ದುಬಾರಿಯಾದಷ್ಟೂ ಮಿಶ್ರಣದಲ್ಲಿ ಬೇರಿನ ಪಾಲು ಏರಿಸುವ ಆಸೆ ವ್ಯಾಪಾರಕ್ಕೆ ಬರುತ್ತದೆ. ಇಡೀ ಬೀಜದಲ್ಲಿ ಬೆರಕೆಗೆ ಜಾಗ ಕಡಿಮೆ, ಕಣ್ಣಿಗೆ ಕಾಣುತ್ತದೆ. ನಮ್ಮ ದೇಶದ ಕಾಫಿಯಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಹಡಗು ಹತ್ತುತ್ತದೆ, ಅದರ ದೊಡ್ಡ ಗಿರಾಕಿ ಇಟಲಿ. ಅಲ್ಲಿನವರು ಮೆಚ್ಚಿ ಕೊಳ್ಳುವ ಬೀಜ ಕೆಂಪಾಪುರದ ಅಡುಗೆಮನೆಗೂ ಸಲ್ಲಬೇಕು.

ಮುಂದಿನ ಸಲ ಪುಡಿ ತೀರಿದಾಗ ಅಂಗಡಿಯವರನ್ನು ಎರಡೇ ಮಾತು ಕೇಳಿ: ‘ಇದು ಹುರಿದದ್ದು ಯಾವತ್ತು?’, ‘ಬೀಜ ಹಾಗೇ ಕೊಡ್ತೀರಾ?’ ಮೊದಲನೆಯದಕ್ಕೆ ಉತ್ತರ ಬರದಿದ್ದರೆ ಬೇರೆ ಅಂಗಡಿ ನೋಡಿ. ಬಂದರೆ ಕಾಲು ಕೆಜಿಗಿಂತ ಹೆಚ್ಚು ತರಬೇಡಿ, ಗಾಳಿಯಾಡದ ಡಬ್ಬಿಯಲ್ಲಿ ಒಲೆಯಿಂದ ದೂರ ಇಡಿ, ಬೆಳಗಿನ ಪುಡಿಯನ್ನು ಬೆಳಿಗ್ಗೆಯೇ ಮಾಡಿ.